ಭಾವನ ವ್ಯಾಪಾರ, ನನ್ನ ಯಾತ್ರೆ

ಪೀಣ್ಯದಲ್ಲಿ ಸಣ್ಣದೊಂದು ಕಾರ್ಖಾನೆಯನ್ನು ನಡೆಸುತ್ತಿರುವ ನಮ್ಮ ಭಾವನವರಿಗೆ ಜಪಾನಿನಿಂದ ಲೇತ್ ಯಂತ್ರವೊಂದನ್ನು ತರಿಸಬೇಕಾಗಿತ್ತು. ನನಗೆ ಬೇಸಗೆಯ ರಜೆ. “ಒಬ್ಬನೇ ಹೋದರೆ ಮಾತಿಗೆ ಜನವಿಲ್ಲ, ನೀನೂ ಬಾರಯ್ಯ ಪಂಡಿತ” ಎಂದರು. ಅಕ್ಕ ಚಟ್ನಿಪುಡಿಯನ್ನೂ ಹುರಿದ ಅವಲಕ್ಕಿಯನ್ನೂ ಕಟ್ಟಿಕೊಟ್ಟಳು. ಟೋಕಿಯೋದಲ್ಲಿ ನಾಲ್ಕು ದಿನ ಭಾವನವರು ಕೂದಲೆಳೆಯನ್ನೂ ಸೀಳುವ ಮೈಕ್ರಾನುಗಳ ಲೆಕ್ಕದಲ್ಲಿ ಮುಳುಗಿದ್ದರು. ಆ ವ್ಯವಹಾರದ ವೃತ್ತಾಂತವನ್ನೆಲ್ಲ ಬರೆಯಹೊರಟರೆ ವಾಚಕರು ಈ ಪುಟವನ್ನು ಮಗುಚಿ ಧಾರಾವಾಹಿಗೆ ಹೋಗಿಬಿಡುವರೆಂಬ ಭಯ ನನಗಿದೆ, ಅದನ್ನು ಬಿಡೋಣ.

ಅವರು ಯಂತ್ರವನ್ನು ನೋಡುತ್ತಿದ್ದಾಗ ನಾನು ಬೀದಿಯ ಫಲಕಗಳನ್ನು ನೋಡುತ್ತ ಅಲೆದೆ. ಜಪಾನೀ ಬರೆವಣಿಗೆಯೆಂದರೆ ಚೀನೀ ಚಿತ್ರಲಿಪಿಯ ಕಾಡು ಎಂದೇ ನಮ್ಮಲ್ಲಿ ಅನೇಕರ ಭಾವನೆ. ಕಾಡು ನಿಜ, ಆದರೆ ಅದರ ನಡುವೆ ‘ಕಾನಾ’ ಎಂಬ ಉಚ್ಚಾರಣಾನುಸಾರಿಯಾದ ಅಕ್ಷರಗಳ ಕಾಲುದಾರಿಯೂ ಉಂಟು. ಮಕ್ಕಳಿಗೆ ಅದನ್ನು ಕಲಿಸುವ ಕ್ರಮವನ್ನು ಕೇಳಿ: ಅ, ಇ, ಉ, ಎ, ಒ; ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ‘ಐವತ್ತು ಧ್ವನಿಗಳು’ ಎಂದು ಅದಕ್ಕೆ ಹೆಸರು. ನಮ್ಮ ಅಜ್ಜಂದಿರು ಮರಳಿನ ಮೇಲೆ ತಿದ್ದಿದ ವರ್ಣಮಾಲೆಯ ಜಾಡಲ್ಲವೆ ಇದು? ಚಕಾರದ ಸ್ಥಾನದಲ್ಲಿ ಸಕಾರ ಕುಳಿತಿದೆ. ಪವರ್ಗ ಇರಬೇಕಾದ ಕಡೆ ‘ಹ’ ಇದೆ. ಆದರೆ ಆ ‘ಹ’ ಹಿಂದೊಮ್ಮೆ ‘ಪ’ ಎಂದೇ ಉಚ್ಚಾರವಾಗುತ್ತಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಲು ಹಳಗನ್ನಡದಲ್ಲಿ ಪಾಲಾಗಿತ್ತೆಂದು ಪ್ರತಿವರ್ಷವೂ ತರಗತಿಯಲ್ಲಿ ಹೇಳುವ ನನಗೆ ಇದು ಎಷ್ಟು ಹಿಗ್ಗು ತಂದಿತೆಂಬುದನ್ನು ಭಾವನವರಿಗೆ ವಿವರಿಸಲಾಗಲಿಲ್ಲ. ಮಂತ್ರಗಳನ್ನು ತಪ್ಪಿಲ್ಲದೆ ಪಠಿಸಬೇಕೆಂದು ‘ಸಿದ್ಧಂ’ ಎಂಬ ನಮ್ಮ ಲಿಪಿಯನ್ನು ಕಲಿತ ಬೌದ್ಧ ಭಿಕ್ಷುಗಳ ಮೂಲಕ ಆ ಅನುಕ್ರಮ ಅಲ್ಲಿ ನೆಲೆಯೂರಿತು.

ಐದನೆಯ ದಿನ ಬೆಳಗ್ಗೆ ಷಿಂಕಾನ್ಸೆನ್ ರೈಲನ್ನೇರಿ ಕ್ಯೋಟೋಗೆ ಹೊರಟೆವು. 1964ರ ಅಕ್ಟೋಬರಿನಲ್ಲಿ ಮೊದಲು ಓಡಿದ ರೈಲು ಇದು. ಈಗ ಸುಮಾರು ಎರಡೂಕಾಲು ಗಂಟೆಯಲ್ಲಿ ಕ್ಯೋಟೋ ಮುಟ್ಟಿಸುತ್ತದೆ. 3,776 ಮೀಟರ್ ಎತ್ತರದ ಫ್ಯೂಜಿ ಪರ್ವತವನ್ನು ಕಾಣಬೇಕೆಂದು ಬಲಬದಿಯ ಕಿಟಕಿಯನ್ನೇ ಹಿಡಿದು ಕುಳಿತಿದ್ದೆವು. ಪರ್ವತವಿರಬೇಕಾದ ಸ್ಥಳದಲ್ಲಿ ಮೋಡವಿತ್ತು. ಭಾವನವರಿಗೆ ಅದರಿಂದ ಬೇಸರವಾಗಲಿಲ್ಲ. ರೈಲು ಹೊರಟ ಕ್ಷಣವನ್ನು ಗಡಿಯಾರದೊಡನೆ ಹೋಲಿಸಿ ನೋಡಿ ಆಗಲೇ ತೃಪ್ತರಾಗಿದ್ದರು.

ಕ್ಯೋಟೋದಲ್ಲಿ ದೇವಾಲಯಗಳಿಗೆ ಲೆಕ್ಕವಿಲ್ಲ. ಹೊನ್ನಿನ ತಗಡು ಹೊದೆಸಿದ ಕಿನ್ಕಾಕುಜಿಯನ್ನು ಎಲ್ಲರಂತೆ ನಾವೂ ನೋಡಿದೆವು. ಕೊಳದಲ್ಲಿ ಅದರ ಬಿಂಬ ಮೂಲಕ್ಕಿಂತ ಚೆಲುವಾಗಿತ್ತು. 1950ರಲ್ಲಿ ತರುಣ ಸಂನ್ಯಾಸಿಯೊಬ್ಬ ಅದಕ್ಕೆ ಬೆಂಕಿಯಿಟ್ಟು ಸುಟ್ಟುಹಾಕಿದ. ಈಗಿರುವುದು 1955ರಲ್ಲಿ ಪುನಃ ಕಟ್ಟಿದ್ದು. “ಹಾಗಾದರೆ ಇದು ನನಗಿಂತ ಸ್ವಲ್ಪವೇ ದೊಡ್ಡದು” ಎಂದರು ಭಾವನವರು.

ನನ್ನ ಮನಸ್ಸು ನಿಂತದ್ದು ಸಾಂಜೂಸಾಂಗೆನ್‌ದೋ ಎಂಬ ನೀಳವಾದ ಮರದ ಮಂದಿರದಲ್ಲಿ. 1266ರಲ್ಲಿ ಪುನರ್ನಿರ್ಮಾಣಗೊಂಡ ಈ ಮಂದಿರದ ಉದ್ದ ಸುಮಾರು 120 ಮೀಟರ್. ಒಳಗೆ ಮಸುಕುಬೆಳಕಿನಲ್ಲಿ ಸಾಲುಸಾಲಾಗಿ 1001 ಕನ್ನೋನ್ ಪ್ರತಿಮೆಗಳು: ನಮ್ಮ ಅವಲೋಕಿತೇಶ್ವರನೇ ಅಲ್ಲಿ ಕನ್ನೋನ್. ಮುಂದಿನ ಸಾಲಿನಲ್ಲಿ 28 ಮಂದಿ ಪರಿವಾರ ದೇವತೆಗಳು. ಒಬ್ಬೊಬ್ಬರ ಹೆಸರನ್ನೂ ಕೇಳಿ ತಿಳಿಯುತ್ತ ಹೋದಂತೆ ದೂರದೂರಿಗೆ ಹೋಗಿ ನೆಲೆಸಿದ ನೆಂಟರ ಮನೆಗೆ ಬಂದಂತಾಯಿತು. ನಾರಾಯಣ ಅಲ್ಲಿ ‘ನಾರಾಯೆನ್’, ಅಸುರ ‘ಅಶುರ’, ಗರುಡ ‘ಕರುರ’ನಾಗಿ ಹಕ್ಕಿಯ ಕೊಕ್ಕಿನಿಂದಲೇ ಕೊಳಲೂದುತ್ತಿದ್ದಾನೆ! ನಮ್ಮಲ್ಲಿ ಸ್ವಾಮಿಯ ಕೈಯಲ್ಲಿದ್ದ ಕೊಳಲು ಅಲ್ಲಿ ವಾಹನದ ಬಾಯಿಗೆ ಬಂದದ್ದು ಹೇಗೆಂದು ಕೇಳಿದರೆ ಭಾವನವರು, “ಸ್ವಾಮಿಗೆ ಬಿಡುವಿರಲಿಲ್ಲವೋ ಏನೋ” ಎಂದರು.

ಮರುದಿನ ನಾರಾ. ಕ್ಯೋಟೋದಿಂದ ಗಂಟೆಯೊಳಗಿನ ಹಾದಿ. ಅಲ್ಲಿ ಜಿಂಕೆಗಳು ರಸ್ತೆಯಲ್ಲೇ ಓಡಾಡುತ್ತವೆ; ಬಿಸ್ಕತ್ತು ತೋರಿಸಿದರೆ ತಲೆಬಾಗಿ ವಂದಿಸುತ್ತವೆ, ಕೊಡಲು ತಡವಾದರೆ ಅಂಗಿಯ ಚುಂಗನ್ನೆಳೆಯುತ್ತವೆ. ತೋದಾಯ್‌ಜಿ ದೇವಾಲಯದ ಮಹಾಬುದ್ಧ ಸುಮಾರು 15 ಮೀಟರ್ ಎತ್ತರದ ಕಂಚಿನ ಮೂರ್ತಿ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದು ಪ್ರಾಣಪ್ರತಿಷ್ಠೆ ಮಾಡಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. 736ರಲ್ಲಿ ಜಪಾನಿಗೆ ಹೋದವನು ಹಿಂದಿರುಗಲಿಲ್ಲ. 760ರಲ್ಲಿ ಅಲ್ಲಿಯೇ ತೀರಿಕೊಂಡ. ‘ಬರಮೋನ್’ ಆಚಾರ್ಯ ಎಂದು ಜನ ಅವನನ್ನು ಕರೆದರು. ಬರಮೋನ್ ಎಂದರೆ ಬ್ರಾಹ್ಮಣ ಎಂಬ ಶಬ್ದವೇ. ಕಣ್ಣು ಬರೆದ ಕುಂಚಕ್ಕೆ ಉದ್ದವಾದ ದಾರಗಳನ್ನು ಕಟ್ಟಿ, ನೆರೆದವರು ಆ ದಾರಗಳನ್ನು ಹಿಡಿದು ನಿಂತಿದ್ದರು. ಆ ಕುಂಚವೂ ದಾರವೂ ಅಲ್ಲಿನ ಷೋಸೋಯಿನ್ ಭಂಡಾರದಲ್ಲಿ ಇಂದಿಗೂ ಉಳಿದುಬಂದಿವೆ.

ಆ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಇನ್ನೂ ಹೊಸದು. ಬಾದಾಮಿಯ ಚಾಲುಕ್ಯರ ಆಳ್ವಿಕೆ ಮುಗಿದು ರಾಷ್ಟ್ರಕೂಟ ದಂತಿದುರ್ಗನ ಕೈ ಮೇಲಾಗುತ್ತಿದ್ದ ಕಾಲ. ಇಲ್ಲಿ ರಾಜ್ಯಗಳು ಕೈಬದಲಾಗುತ್ತಿದ್ದಾಗ ಒಬ್ಬ ಭಿಕ್ಷು ಕಡಲುಗಳನ್ನು ದಾಟಿ ಹೋಗಿ ಅನ್ಯರ ದೇವರಿಗೆ ಕಣ್ಣು ಬರೆಯುತ್ತಿದ್ದ. ಅವನ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಏಕಿಲ್ಲವೆಂಬುದು ನನ್ನ ದೂರು.

ಕ್ಯೋಟೋದ ಈ ವೈಭವವೆಲ್ಲ ಉಳಿದದ್ದು ಹೇಗೆ? 1945ರ ಮೇ ತಿಂಗಳಲ್ಲಿ ಅಮೆರಿಕದ ಸಮಿತಿಯೊಂದು ಅಣುಬಾಂಬಿಗೆ ಗುರಿಯಾಗಬೇಕಾದ ನಗರಗಳನ್ನು ಆರಿಸಿದಾಗ ಕ್ಯೋಟೋ ಆ ಪಟ್ಟಿಯಲ್ಲಿತ್ತು. ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಹಿಂದೆ ಆ ನಗರವನ್ನು ಕಂಡಿದ್ದವರು. ಸೇನಾಧಿಕಾರಿಗಳು ಒತ್ತಾಯಿಸಿದರೂ ಅದನ್ನು ಪಟ್ಟಿಯಿಂದ ತೆಗೆಸಿದರು. ಆಮೇಲೆ ಆ ಪಟ್ಟಿಗೆ ನಾಗಾಸಾಕಿ ಸೇರಿತು. ಕನ್ನೋನಳ ಮುಂದೆ ನಿಂತು ನಾನು ಪಟ್ಟ ಸಂತೋಷದ ಬೆಲೆಯನ್ನು ಇನ್ನಾರೋ ತೆತ್ತಿದ್ದರೆಂಬ ವಿಚಾರ ಅಂದು ರಾತ್ರಿ ಬಹಳ ಹೊತ್ತು ನಿದ್ರೆಗೊಡಲಿಲ್ಲ. ನಾಗಾಸಾಕಿಗೆ ಹೋಗುವಷ್ಟು ದಿನಗಳಿರಲಿಲ್ಲ. ಒಸಾಕಾದ ಅಂಗಡಿಬೀದಿಗಳನ್ನು ನೋಡುವುದೆಂದು ಇಟ್ಟುಕೊಂಡಿದ್ದ ದಿನವನ್ನು ಬಿಟ್ಟುಕೊಡಲು ಭಾವನವರು ಒಪ್ಪಿದರು, ಹಿರೋಷಿಮಾಕ್ಕೆ ಹೋದೆವು.

ಅಲ್ಲಿನ ವಸ್ತುಸಂಗ್ರಹಾಲಯದ ಬಗೆಗೆ ಹೆಚ್ಚು ಬರೆಯಲಾರೆ. ನಾಲ್ಕು ವರ್ಷವೂ ತುಂಬದ ಮಗುವೊಂದರ ಮೂರು ಗಾಲಿಯ ಸೈಕಲ್ ಅಲ್ಲಿದೆ. ತಂದೆ ಮಗುವಿನೊಡನೆ ಅದನ್ನೂ ಮನೆಯಂಗಳದಲ್ಲೇ ಹೂಳಿದ್ದರು. 40 ವರ್ಷಗಳ ಅನಂತರ, 1985ರಲ್ಲಿ ತೆಗೆದು ಸಂಗ್ರಹಾಲಯಕ್ಕೆ ಒಪ್ಪಿಸಿದರು. ಭಾವನವರು ಅದರ ತುಕ್ಕುಹಿಡಿದ ಹಿಡಿಕೆಗಳನ್ನೇ ನೋಡುತ್ತ ನಿಂತರು. ಹೊರಗೆ ಬಂದ ಮೇಲೆ ಅವರಾಡಿದ ಮೊದಲ ಮಾತು ಬೇರೆಯದೇ ಆಗಿತ್ತು: “ಬಾಂಬು ಬಿದ್ದ ಮೂರೇ ದಿನಕ್ಕೆ ಟ್ರಾಮು ಓಡಿಸಿದರಂತಲ್ಲಯ್ಯ! ಕಂಬ ನೆಟ್ಟವರು ಯಾರು, ತಂತಿ ಎಳೆದವರು ಯಾರು? ಅವರ ಮನೆಯಲ್ಲೂ ಸತ್ತವರಿದ್ದಿರಬೇಕಲ್ಲ?” ನಿಜ. 1945ರ ಆಗಸ್ಟ್ 9ರಂದೇ ಒಂದು ಸಣ್ಣ ಭಾಗದಲ್ಲಿ ಟ್ರಾಮು ಮತ್ತೆ ಚಲಿಸಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಆ ಊರಿನಲ್ಲಿ ಸತ್ತವರು ಸುಮಾರು 1,40,000 ಎಂದು ಅಂದಾಜು.

ಉದ್ಯಾನದ ನಡುವೆ ಕಮಾನಿನಾಕಾರದ ಸ್ಮಾರಕವಿದೆ. 1952ರಲ್ಲಿ ಆದದ್ದು, ತಾಂಗೆ ಕೆಂಜೋ ಎಂಬ ಶಿಲ್ಪಿಯ ವಿನ್ಯಾಸ. ಅದರಡಿಯ ಕಲ್ಲಿನ ಪೆಟ್ಟಿಗೆಯಲ್ಲಿ ಮೃತರ ನಾಮಾವಳಿ ಇದೆ. ಪ್ರತಿವರ್ಷವೂ ಆಗಸ್ಟ್ 6ರಂದು ಹೊಸ ಹೆಸರುಗಳು ಸೇರುತ್ತವೆ. ಕಲ್ಲಿನ ಮೇಲೆ ಒಂದು ವಾಕ್ಯ: ಮೃತರು ನೆಮ್ಮದಿಯಿಂದ ಮಲಗಲಿ, ತಪ್ಪು ಪುನಃ ನಡೆಯದು ಎಂಬ ಅಭಿಪ್ರಾಯದ್ದು. ಮೂಲ ಜಪಾನಿಯಲ್ಲಿ ಕರ್ತೃಪದವಿಲ್ಲ. ತಪ್ಪು ಮಾಡದಿರುವವರು ಯಾರು? ನಾವೆ, ಅವರೆ? ಕ್ರಿಯಾಪದ ಹೇಳುವುದಿಲ್ಲ.

ಈ ಕರ್ತೃವಿಗಾಗಿ ದೊಡ್ಡ ವಿವಾದವೇ ನಡೆಯಿತು. ಅದಕ್ಕೆ ಕಾರಣರಾದವರು ನಮ್ಮವರೇ. ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ಆಪಾದಿತರೆಲ್ಲರೂ ನಿರ್ದೋಷಿಗಳೆಂದು ಭಿನ್ನ ತೀರ್ಪು ಬರೆದ ಬಂಗಾಳದ ರಾಧಾವಿನೋದ ಪಾಲರು 1952ರಲ್ಲಿ ಈ ಕಲ್ಲಿನ ಮುಂದೆ ನಿಂತು, ‘ನಾವು’ ಎಂದರೆ ಜಪಾನೀಯರೇ ಆದರೆ ಬಾಂಬು ಹಾಕಿದವರು ಅವರಲ್ಲವಲ್ಲ ಎಂದು ಆಕ್ಷೇಪಿಸಿದರು. ವಾಕ್ಯವನ್ನು ಬರೆದ ಸೈಕಾ ತಾದಾಯೋಷಿ ಹಿರೋಷಿಮಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕರು, ಸ್ವತಃ ಬಾಂಬಿನ ಬೇಗೆಯನ್ನುಂಡವರು. ಆ ‘ನಾವು’ ಸಮಸ್ತ ಮಾನವರು ಎಂದು ಅವರು ಪಾಲರಿಗೆ ಪತ್ರ ಬರೆದರು. ನ್ಯಾಯಾಧೀಶರಿಗೆ ಕರ್ತೃ ಬೇಕೇ ಬೇಕು. ಕರ್ತೃವಿಲ್ಲದೆ ತೀರ್ಪು ಬರೆಯುವುದಾದರೂ ಹೇಗೆ? ಪಾಲರ ತರ್ಕದಲ್ಲಿ ಬಿರುಕಿಲ್ಲ. ಆದರೂ ನನ್ನ ಒಲವು ಸೈಕಾ ಅವರ ಕಡೆಗೇ.

“ಕನ್ನಡದಲ್ಲಿ ಬರೆದರೆ ಹೇಗಯ್ಯ?” ಎಂದರು ಭಾವನವರು. ಹಳೆಯ ರೀತಿಯಲ್ಲಿ ‘ಮಾಡೆವು’ ಎಂದರೆ ‘ನಾವು’ ಎಂಬುದು ಕ್ರಿಯಾಪದದಲ್ಲೇ ಸೇರಿರುತ್ತದೆ, ಜಾರಿಕೊಳ್ಳಲು ದಾರಿಯಿಲ್ಲ. ಇಂದಿನ ‘ಮಾಡುವುದಿಲ್ಲ’ದಲ್ಲಿ ನಾನು, ನೀನು, ಅವರು ಯಾರು ಬೇಕಾದರೂ ಅಡಗಬಹುದು, ಜಪಾನಿಯಂತೆಯೇ ಎಂದೆ. ಅವರು ಒಂದು ಗಳಿಗೆ ಯೋಚಿಸಿ, “ಹಳೆಯದೇ ಇರಲಿ” ಎಂದರು.

ಅಷ್ಟರಲ್ಲಿ ಹಳದಿ ಟೋಪಿಯ ಶಾಲಾಮಕ್ಕಳ ಸಾಲೊಂದು ಬಂದು ಕಲ್ಲಿಗೆ ಬಾಗಿ ನಮಸ್ಕರಿಸಿತು. ನಾವು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಸೇತುವೆಯ ಬಳಿಗೆ ನಡೆದು, ನಿಲ್ದಾಣಕ್ಕೆ ಹೋಗುವ ಟ್ರಾಮನ್ನು ಹತ್ತಿದೆವು.