ಗೂಡ್ಸ್ ಊರಾಚೆ ಹೋಯಿತು, ನಮ್ಮ ಮೂಟೆಗೆ ಜಾಗ ಎಲ್ಲಿ?

ಮೈಸೂರಿನ ಮಂಡಿ ಮೊಹಲ್ಲಾದ ಹೆಸರಲ್ಲೇ ಮಂಡಿ ಇದೆ. ಮಂಡಿ ಅಂದರೇನು ಅಂತ ಬೆಲ್ಲ, ಬಾಳೆ ಮಾರಿದ ನಮ್ಮೂರಿನವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿಂದ ರೈಲು ನಿಲ್ದಾಣವೂ ದೂರವಿಲ್ಲ. ಹಳೆಯ ಊರುಗಳಲ್ಲಿ ಮಂಡಿ, ಪೇಟೆ, ಗೂಡ್ಸ್ ಶೆಡ್ ಹತ್ತಿರ ಹತ್ತಿರ ಇದ್ದದ್ದಕ್ಕೆ ಕಾರಣ ಎತ್ತಿನ ಗಾಡಿ. ಅದು ಹೋಗಿ ಬರುವಷ್ಟು ದೂರದಲ್ಲೇ ವ್ಯಾಪಾರ ಮುಗಿಯಬೇಕಿತ್ತು.

ಈ ಹಳಿಗೆ ಹಳ್ಳಿಯವರ ಬೆವರು ಬಿದ್ದಿದೆ. 1876–78ರ ಭೀಕರ ಬರದಲ್ಲಿ ಜನರಿಗೆ ಕೂಲಿ ಸಿಗಲೆಂದು ಬೆಂಗಳೂರು–ಮೈಸೂರು ಮಾರ್ಗದ ಕೆಲಸ ಶುರುವಾಯಿತು. 1880ರ ದಶಕದ ಆರಂಭಕ್ಕೆ ರೈಲು ಮೈಸೂರು ಮುಟ್ಟಿತು. 1891ರಲ್ಲಿ ನಂಜನಗೂಡಿಗೆ, ಆಮೇಲೆ ಅರಸೀಕೆರೆ, ಚಾಮರಾಜನಗರಕ್ಕೂ ಹಳಿ ಹೋಯಿತು.

ಲಾರಿ ಬಂದು ಗೂಡ್ಸ್ ಶೆಡ್ ಸತ್ತಿತು ಅನ್ನುತ್ತಾರೆ. ಅದು ಅರ್ಧ ಸತ್ಯ. ನಮ್ಮದು ಮೀಟರ್ ಗೇಜ್. ದೂರದ ಊರಿಗೆ ಹೋಗುವ ಸರಕನ್ನು ದಾರಿಯಲ್ಲಿ ಇಳಿಸಿ ಬ್ರಾಡ್ ಗೇಜ್ ಡಬ್ಬಿಗೆ ತುಂಬಬೇಕಿತ್ತು. 1990ರ ದಶಕದಲ್ಲಿ ಮೈಸೂರಿಗೆ ಬ್ರಾಡ್ ಗೇಜ್ ಬಂತು. ಆದರೂ ಸಣ್ಣ ವ್ಯಾಪಾರಿಯ ಸರಕು ವಾಪಸ್ ಬರಲಿಲ್ಲ. ಅಷ್ಟರಲ್ಲಿ ರೈಲ್ವೆ ಒಂದೆರಡು ಡಬ್ಬಿ ಸರಕು ಬಿಟ್ಟು ಇಡೀ ಗಾಡಿ ತುಂಬುವವರ ಕಡೆ ತಿರುಗಿತ್ತು. ಸುಮಾರು 40 ಡಬ್ಬಿ, ಎರಡು ಸಾವಿರ ಟನ್‌ಗೂ ಹೆಚ್ಚು. ಗೊಬ್ಬರ, ಸಿಮೆಂಟ್ ಕಂಪನಿಗೆ ಅದು ಸಾಧ್ಯ. ಹತ್ತು ಮೂಟೆ ರಾಗಿಯವನಿಗೆ?

ಈಗ ಸರಕಿನ ಕೆಲಸಕ್ಕೆ ಊರಾಚೆ ಹೊಸ ಗೂಡ್ಸ್ ಟರ್ಮಿನಲ್ ಇದೆ. ಕಡಕೊಳದಲ್ಲಿ ಕಂಟೇನರ್ ಟರ್ಮಿನಲ್ ಇದೆ. ಎಪಿಎಂಸಿ ಬಂಡೀಪಾಳ್ಯದಲ್ಲಿದೆ. ಪೇಟೆಯೊಳಗೆ ಲಾರಿ ನುಗ್ಗುವುದು ತಪ್ಪಿದರೆ ಒಳ್ಳೆಯದೇ, ನನ್ನ ತಕರಾರಿಲ್ಲ. ನಿಲ್ದಾಣದ ಜಾಗ ಪ್ರಯಾಣಿಕರ ಗಾಡಿಗಳಿಗೆ ಬೇಕು ಅನ್ನುವುದನ್ನೂ ಒಪ್ಪುತ್ತೇನೆ.

ತಕರಾರು ಇರುವುದು ಬೇರೆ ಕಡೆ. ಇಂಥ ಜಾಗ ಖಾಲಿಯಾದಾಗ ಪಾರ್ಕಿಂಗ್, ಅಂಗಡಿ ಮಳಿಗೆಗಳ ಮಾತು ಬರುತ್ತದೆ, ರೈತನ ಮಾತು ಬರುವುದಿಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ಯಾರ್ಡಿನಲ್ಲಿ 1852ರ ಧಾನ್ಯದ ಗೋದಾಮು ಈಗ ಕಲಾ ಕಾಲೇಜು. ಕಲ್ಲಿದ್ದಲು ಇಳಿಸುತ್ತಿದ್ದ ಕಟ್ಟಡದಲ್ಲಿ 2018ರಿಂದ ಅಂಗಡಿ ಸಾಲು. ಕಟ್ಟಡ ಉಳಿಯಿತು, ಕಸುಬು ಉಳಿಯಲಿಲ್ಲ. ನಾವು ಎರಡನ್ನೂ ಉಳಿಸಬಹುದು.

ನಿಲ್ದಾಣದ ಒಂದು ಮೂಲೆಯಲ್ಲಿ ರೈತರ ಪಾರ್ಸೆಲ್ ಕೌಂಟರ್, ಜೊತೆಗೊಂದು ತಂಪು ಕೋಣೆ ಇರಲಿ. ಮೈಸೂರು ವೀಳ್ಯದೆಲೆ, ಮಲ್ಲಿಗೆ, ನಂಜನಗೂಡು ರಸಬಾಳೆ ಬೇಗ ಕೆಡುವ ಮಾಲು. ಸಂಜೆ ಕಟ್ಟಿದರೆ ಬೆಳಿಗ್ಗೆ ಇನ್ನೊಂದು ಊರು ಸೇರಬೇಕು. ಇದಕ್ಕೆ ಇಡೀ ಗಾಡಿ ಬೇಡ, ಪ್ರಯಾಣಿಕರ ರೈಲಿನ ಪಾರ್ಸೆಲ್ ಡಬ್ಬಿ ಸಾಕು. 2020ರ ಆಗಸ್ಟ್‌ನಲ್ಲಿ ಶುರುವಾದ ಕಿಸಾನ್ ರೈಲು ಸಣ್ಣ ರೈತರ ಸಣ್ಣ ಸರಕನ್ನೂ ತೆಗೆದುಕೊಂಡಿತ್ತು. ಅಂದರೆ ಇದು ಆಗದ ಕೆಲಸವಲ್ಲ.

ಇನ್ನೊಂದು ಮಾತು. 1979ರಲ್ಲಿ ತೆರೆದ ಮೈಸೂರು ರೈಲ್ವೆ ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಡಬ್ಬಿಗೆ ಜಾಗ ಸಿಕ್ಕಿದೆ. ಬರಗಾಲದಲ್ಲಿ ಮಣ್ಣು ಹೊತ್ತವರಿಗೆ, ಮೂಟೆ ಹೊತ್ತ ಹಮಾಲಿಗಳಿಗೆ ಒಂದು ಗೋಡೆಯಾದರೂ ಇರಲಿ.

ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿ ಮೈಸೂರಿನಲ್ಲೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿಂದ ಯಾವ ಬೆಳೆ, ವಾರಕ್ಕೆ ಎಷ್ಟು, ಯಾವ ಊರಿಗೆ ಹೋಗುತ್ತದೆ ಅಂತ ಬರೆದು ಠರಾವು ಮಾಡಿ. ಒಂದು ಪ್ರತಿ ಆ ಕಚೇರಿಗೆ, ಒಂದು ಸಂಸದರಿಗೆ ಕಳಿಸಿ. ಲೆಕ್ಕ ಕೊಟ್ಟು ಕೇಳಿದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ.