ಕಾಟಾದ ಮುಳ್ಳು ನಿಂತಿತು, ಊರಿನ ಬಾಯಿ ನಿಲ್ಲಲಿಲ್ಲ

ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಎಂಬುದು ಈಗ ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಗೂ ಹೊಸ ಮಾತಲ್ಲ. 2011ರಲ್ಲಿ ನಿತಿನ್ ಗಡ್ಕರಿಯವರು ಮಾಡಿಸಿಕೊಂಡಾಗ ಅದು ದೊಡ್ಡವರ ಸುದ್ದಿಯಾಗಿತ್ತು. ಈಗ ನಮ್ಮಂಥ ಜಿಲ್ಲಾ ಪರಿಷತ್ ಶಾಲೆಯ ಮಾಸ್ತರರೂ ಸೊಸೈಟಿ ಸಾಲ ತೆಗೆದು ಮಾಡಿಸಿಕೊಳ್ಳುತ್ತಿದ್ದಾರೆ. ಆದರೆ ಆಪರೇಷನ್ನಿನ ಬಗ್ಗೆ ಗೊತ್ತಾದಷ್ಟು ಅದರ ನಂತರದ ತಿಂಗಳುಗಳ ಬಗ್ಗೆ ನಮ್ಮ ಜನರಿಗೆ ಗೊತ್ತಾಗಿಲ್ಲ. ಭರಭರನೆ ಇಳಿಯುತ್ತಿದ್ದ ತೂಕ ಒಂದು ದಿನ ಇದ್ದಲ್ಲೇ ನಿಂತುಬಿಡುತ್ತದೆ. ಆಗ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ತೂಕ ನಿಲ್ಲುವುದು ರೋಗಿಯ ತಪ್ಪಲ್ಲ, ಆಪರೇಷನ್ ಕೆಟ್ಟಿದೆ ಎಂದೂ ಅಲ್ಲ. ಅದು ದೇಹದ ಧರ್ಮ. ಅಪಾಯ ಇರುವುದು ನಿಂತ ತೂಕದಲ್ಲಲ್ಲ, ನಿಂತ ತೂಕ ನೋಡಿ ಗಾಬರಿಯಾದ ಸಕ್ಕರೆ ಕಾಯಿಲೆಯವರು ತಾವೇ ಊಟ ಬಿಟ್ಟು, ತಾವೇ ಗುಳಿಗೆ ಹೆಚ್ಚು ಕಡಿಮೆ ಮಾಡಿಕೊಳ್ಳುವುದರಲ್ಲಿ. ಆ ಗಾಬರಿ ಹುಟ್ಟಿಸುವವರು ಬಹಳ ಸಲ ನಾವೇ, ಅಂದರೆ ಊರಿನವರು, ಮನೆಯವರು, ಸ್ಟಾಫ್ ರೂಮಿನವರು.

ನಮ್ಮ ಭಾಗದ ಕನ್ನಡ ಶಾಲೆಯ ಸಹೋದ್ಯೋಗಿಯೊಬ್ಬರ ಉದಾಹರಣೆ ಕೊಡುತ್ತೇವೆ. ಹೆಸರು ಬೇಡ. ಅವರು ಒಪ್ಪಿದ್ದರಿಂದಲೇ ಬರೆಯುತ್ತಿದ್ದೇವೆ. ಹತ್ತು ವರ್ಷದ ಮೇಲಿನ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್, ತೂಕ 118 ಕಿಲೋ. ಪಾಠ ಮಾಡುತ್ತ ನಿಂತರೆ ಮಂಡಿ ನೋವು, ಮಲಗಿದರೆ ಉಸಿರಿನ ತೊಂದರೆ. ಡಾಕ್ಟರರು ಸ್ಲೀವ್ ಎಂಬ ಆಪರೇಷನ್ ಮಾಡಿದರು. ಹೊಟ್ಟೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟೇ ಉಳಿಸುತ್ತಾರೆ. ನಾಲ್ಕು ತಿಂಗಳಲ್ಲಿ ತೂಕ 96ಕ್ಕೆ ಬಂತು. ಊರೆಲ್ಲ ಹೊಗಳಿತು. ಆಮೇಲೆ ಏಳು ವಾರ 96 ಎಂದರೆ 96. ಒಂದು ತೊಲೆಯೂ ಅಲುಗಲಿಲ್ಲ.

ಶುರುವಾಯಿತು ನೋಡಿ. "ಏನ್ರಿ ಸರ್, ಎಷ್ಟ್ ಇಳೀತು?" ಚಹಾದ ಅಂಗಡಿಯಲ್ಲಿ ಇದೇ ಪ್ರಶ್ನೆ, ಬಸ್ಸಿನಲ್ಲಿ ಇದೇ ಪ್ರಶ್ನೆ. "ಇಷ್ಟ್ ರೊಕ್ಕಾ ಸುರದು ಇಷ್ಟss ಏನು?" ಎಂದು ಮತ್ತೊಬ್ಬರು. ಮಕ್ಕಳ ಆರೋಗ್ಯ ತಪಾಸಣೆಗೆಂದು ಶಾಲೆಯಲ್ಲಿಟ್ಟ ತೂಕದ ಕಾಟಾ ವಾರಕ್ಕೊಮ್ಮೆ ಸ್ಟಾಫ್ ರೂಮಿಗೆ ಬರತೊಡಗಿತು, ಇವರನ್ನು ಹತ್ತಿಸಿ ನೋಡುವುದಕ್ಕೆ! (ಮಕ್ಕಳ ತೂಕವನ್ನು ಅಷ್ಟು ನಿಷ್ಠೆಯಿಂದ ನೋಡಿದ್ದರೆ ಚೆನ್ನಾಗಿತ್ತು.) ಒಬ್ಬ ಹಿತೈಷಿ, "ಶುಗರಿನ ಗುಳಿಗೆ ಬಿಟ್ಟಿದ್ದಕ್ಕ ತೂಕ ನಿಂತದ" ಎಂದು ಹೇಳಿದರು. ಇವರು ಅದನ್ನು ನಂಬಿದರು. ಡಾಕ್ಟರರು ನಿಲ್ಲಿಸಿದ್ದ ಗ್ಲಿಮೆಪಿರೈಡ್ ಗುಳಿಗೆಯನ್ನು ಹಳೆಯ ಡಬ್ಬಿಯಿಂದ ತೆಗೆದು ಮತ್ತೆ ನುಂಗಲು ಶುರು ಮಾಡಿದರು. ಜೊತೆಗೆ ರಾತ್ರಿ ಊಟ ಬಂದ್.

ಮೂರನೆಯ ದಿನ ಮೊದಲನೇ ತಾಸಿನಲ್ಲಿ ಆರನೇ ವರ್ಗದ ಹುಡುಗನೊಬ್ಬ ಓಡಿ ಬಂದ. "ಸರ್ ನಡಗಾಕತ್ತಾರ್ರಿ, ಮಾತಾಡವಲ್ರು!" ನಾವು ಹೋಗಿ ನೋಡಿದರೆ ಕೈಯಲ್ಲಿ ಖಡು ಹಿಡಿದೇ ಕುರ್ಚಿಯಲ್ಲಿ ಕುಸಿದಿದ್ದರು. ಅಂಗಿ ತೊಯ್ದು ತಪ್ಪಡಿಯಾಗಿತ್ತು. ಪುಣ್ಯಕ್ಕೆ ಎಚ್ಚರ ತಪ್ಪಿರಲಿಲ್ಲ, ನುಂಗಲು ಬರುತ್ತಿತ್ತು. ಗ್ಲುಕೋಸ್ ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೇರ ದವಾಖಾನೆಗೆ ಒಯ್ಯಬೇಕು. ಇದು ಪ್ರತಿ ಶಾಲೆಯ ಸಿಬ್ಬಂದಿಗೂ ಗೊತ್ತಿರಬೇಕಾದ ಮಾತು.

ಇನ್ನು ಗಾಯದ ಮೇಲೆ ಬರೆ ಎಂಬಂತೆ ಒಂದು ಸಂಗತಿ ಇದೆ. ಗ್ಲಿಮೆಪಿರೈಡ್ ಜಾತಿಯ ಗುಳಿಗೆಗಳು ಮತ್ತು ಇನ್ಸುಲಿನ್ ತೂಕ ಹೆಚ್ಚಿಸುವ ಕಡೆಗೇ ಎಳೆಯುತ್ತವೆ. ತೂಕ ಇಳಿಯಲೆಂದು ಅವರು ನುಂಗಿದ್ದು ಅದಕ್ಕೆ ಉಲ್ಟಾ ಕೆಲಸ ಮಾಡುವ ಗುಳಿಗೆಯನ್ನು. ಸಕ್ಕರೆ ಥಟ್ಟನೆ ಇಳಿದಾಗಲೆಲ್ಲ ಸಿಹಿ ತಿನ್ನಲೇಬೇಕಾಗುತ್ತದೆ, ಆ ಲೆಕ್ಕ ಬೇರೆ. ಆಪರೇಷನ್ ಆದವರ ಔಷಧದ ಪ್ರಮಾಣವನ್ನು ಡಾಕ್ಟರರು ಮತ್ತೆ ಮತ್ತೆ ತಿದ್ದುವುದು ಇದೇ ಕಾರಣಕ್ಕೆ. ಹಾಗೆಂದು ಇನ್ಸುಲಿನ್ ಮೇಲಿರುವವರು ಇದನ್ನೋದಿ ತಾವೇ ಬಿಟ್ಟುಬಿಡಬೇಡಿ, ಅದು ಇನ್ನೂ ದೊಡ್ಡ ಅನಾಹುತ.

ಹಾಗಾದರೆ ತೂಕ ಯಾಕೆ ನಿಲ್ಲುತ್ತದೆ? ಮಾಸ್ತರಿಕೆಯ ಚಟ, ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇವೆ.

ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರಿನ ಪಾಲು ದೊಡ್ಡದು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ. ದಾಸ್ತಾನು ಕರಗಿದಾಗ ನೀರೂ ಹೋಗುತ್ತದೆ, ಮುಳ್ಳು ಸರಸರನೆ ಇಳಿಯುತ್ತದೆ. ಅದು ಮುಗಿದ ಮೇಲೆ ಬಹಳ ಜನರಿಗೆ ಮೂರನೆಯ ವಾರದ ಹೊತ್ತಿಗೇ ಮೊದಲ ನಿಲುಗಡೆ ಬರುತ್ತದೆ.

ಎರಡನೆಯದು ಹೊರೆಯ ಲೆಕ್ಕ. 118ರಿಂದ 96ಕ್ಕೆ ಬಂದರೆ ಕಳೆದದ್ದು 22 ಕಿಲೋ. ಮೊದಲು ಅವರು ದಿನವಿಡೀ 22 ಕಿಲೋ ಜೋಳದ ಚೀಲ ಹೊತ್ತುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು, ವರ್ಗದಲ್ಲಿ ತಿರುಗಾಡುತ್ತಿದ್ದರು. ಈಗ ಚೀಲ ಇಳಿದಿದೆ. ಅದೇ ಕೆಲಸಕ್ಕೆ ಈಗ ಕಡಿಮೆ ಇಂಧನ ಸಾಕು. ಹಾಗಾಗಿ 118 ಇದ್ದಾಗ ಕಡಿಮೆ ಎನಿಸಿದ ಊಟವೇ 96 ಆದಾಗ ಸರಿಸಮ ಆಗುತ್ತದೆ.

ಮೂರನೆಯದು ನಮ್ಮ ಜತ್ತದವರಿಗೆ ಬೇಗ ತಿಳಿಯುವಂಥದ್ದು. ಬ್ಯಾಸಿಗೆಯಲ್ಲಿ ಟ್ಯಾಂಕರು ನಾಲ್ಕು ದಿನಕ್ಕೊಮ್ಮೆ ಬಂದರೆ ಮನೆಯ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ತರಕಾರಿ ತೊಳೆದ ನೀರನ್ನು ಗಿಡಕ್ಕೆ, ಅಕ್ಕಿ ತೊಳೆದದ್ದನ್ನು ದನಕ್ಕೆ, ಒಂದು ಹನಿಯೂ ಪೋಲಾಗದಂತೆ ಸಂಸಾರ ನಡೆಸುತ್ತಾರೆ. ದೇಹವೂ ಹಾಗೆಯೇ. ಅದಕ್ಕೆ ಆಪರೇಷನ್ ಗೊತ್ತಿಲ್ಲ, ಬರ ಬಂದಿದೆ ಎಂದಷ್ಟೇ ಗೊತ್ತು. ಇದು ಬರಿಯ ಊಹೆಯಲ್ಲ. ಅಮೆರಿಕದ ಮಿನೆಸೋಟಾದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಂಡಸರಿಗೆ ಅರೆಹೊಟ್ಟೆಯ ಊಟ ಕೊಟ್ಟು ತಿಂಗಳುಗಟ್ಟಲೆ ಪರೀಕ್ಷಿಸಿದರು. ಅವರ ದೇಹಗಳು ಖರ್ಚನ್ನು ಕಡಿತ ಮಾಡಿಕೊಂಡವು. ಅಲ್ಲಿಯದೇ ಒಂದು ಟಿವಿ ಸ್ಪರ್ಧೆಯಲ್ಲಿ ಆಪರೇಷನ್ ಇಲ್ಲದೆ ಬರಿ ಪಥ್ಯ ಮತ್ತು ವ್ಯಾಯಾಮದಿಂದ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿ, 2016ರಲ್ಲಿ ವರದಿ ಪ್ರಕಟಿಸಿದರು. ಆಗಲೂ ಅವರ ದೇಹ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು! ಇಂಥ ದೇಹಕ್ಕೆ ಇನ್ನೂ ಒಂದು ಹೊತ್ತಿನ ಊಟ ತಪ್ಪಿಸಿದರೆ ಅದು ಮೊದಲು ಕೈಹಾಕುವುದರಲ್ಲಿ ಸ್ನಾಯುವೂ ಒಂದು. ಸ್ನಾಯು ಕರಗಿದರೆ ಖರ್ಚು ಮತ್ತಷ್ಟು ಕಡಿಮೆ.

ಅದಕ್ಕೇ ಡಾಕ್ಟರರು ಪ್ರೋಟೀನು, ಪ್ರೋಟೀನು ಎಂದು ಹೇಳುತ್ತಿರುತ್ತಾರೆ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಹೇಳುತ್ತಾರೆ. ಒಂದು ತತ್ತಿಯಲ್ಲಿ ಇರುವುದು 6 ಗ್ರಾಂ, 100 ಮಿಲಿ ಹಾಲಿನಲ್ಲಿ 3 ಗ್ರಾಂ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತತ್ತಿ ಹೊಸ್ತಿಲು ದಾಟುವುದಿಲ್ಲ. ಹಾಗಾದರೆ ಕಾಳು, ಬೇಳೆ, ಮೊಸರು, ಪನೀರು, ಜುಣಕ. ತಾಟಿನಲ್ಲಿ ಮೊದಲು ಮಡಕಿಕಾಳಿನ ಪಲ್ಯ, ಆಮೇಲೆ ರೊಟ್ಟಿ. ನಾವು ಮಾಡುವುದು ಉಲ್ಟಾ. ಮೊದಲು ರೊಟ್ಟಿ ಮುರಿಯುತ್ತೇವೆ, ಕಾಳು ಅದಕ್ಕೆ ಹಚ್ಚಿಕೊಳ್ಳಲು ಮಾತ್ರ. ಸಣ್ಣ ಹೊಟ್ಟೆ ಅರ್ಧ ರೊಟ್ಟಿಗೇ ತುಂಬಿ ಹೋಗುತ್ತದೆ, ಪ್ರೋಟೀನಿಗೆ ಜಾಗವೇ ಉಳಿಯುವುದಿಲ್ಲ.

ಇಲ್ಲಿ ಕಳ್ಳದಾರಿಗಳೂ ಇವೆ, ಮುಚ್ಚಿಡುವುದಿಲ್ಲ. ಊಟ ಕಡಿಮೆ, ಆದರೆ ಸಕ್ಕರೆ ಚಹಾ ದಿನಕ್ಕೆ ಆರು ಸಲ. ಒಂದು ಮುಷ್ಟಿ ಚುರುಮುರಿ, ಅರ್ಧ ಭಜಿ, ಯಾರೋ ಕೊಟ್ಟ ಪೇಢೆ. ನಮ್ಮದು ದ್ರಾಕ್ಷಿಯ ಸೀಮೆ, ಶೆಡ್ಡಿನಲ್ಲಿ ಮಣೂಕ ಒಣಗುತ್ತಿದ್ದರೆ ಮಾತಾಡುತ್ತ ನಾಲ್ಕು ಬಾಯಿಗೆ ಹೋಗೇ ಹೋಗುತ್ತವೆ. ಮಣೂಕದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಚಹಾ, ರಸದಂಥವು ಸಣ್ಣ ಹೊಟ್ಟೆಯಲ್ಲೂ ನಿಲ್ಲದೆ ಜಾರಿ ಹೋಗುತ್ತವೆ, ಹಸಿವು ತಡೆಯುವುದಿಲ್ಲ. ಇದನ್ನು ತಿದ್ದಬಹುದು. ಆದರೆ ತೂಕ ನಿಂತ ಪ್ರತಿಯೊಬ್ಬರನ್ನೂ "ಕದ್ದು ತಿಂತಾರ" ಎಂದು ಅನುಮಾನಿಸುವುದು ಅನ್ಯಾಯ. ಆ ಸಹೋದ್ಯೋಗಿಯ ಊಟ ತಿಂಡಿಯ ವಹಿಯನ್ನು ನಾವೇ ನೋಡಿದ್ದೇವೆ, ಹಾಜರಿ ಪಟದಷ್ಟು ಚೊಕ್ಕಟವಾಗಿತ್ತು.

ಈಗ ನಿಜವಾಗಿ ನೋಡಬೇಕಾದ ಅಂಕಿ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಅವರದು ಆಪರೇಷನ್ನಿಗೆ ಮೊದಲು 9.8 ಇತ್ತು. ತೂಕ ನಿಂತು ಎಲ್ಲರೂ ಆಡಿಕೊಳ್ಳುತ್ತಿದ್ದ ಆ ವಾರಗಳಲ್ಲೇ ಅದು 6.7ಕ್ಕೆ ಬಂದಿತ್ತು, ಇನ್ಸುಲಿನ್ ಪೂರ್ತಿ ನಿಂತಿತ್ತು, ಉಳಿದದ್ದು ಮೆಟ್‌ಫಾರ್ಮಿನ್ ಒಂದೇ. ಇದನ್ನು ಒಬ್ಬರಾದರೂ ಕೇಳಲಿಲ್ಲ! ಅಂಗಿಯ ಸೈಜು ಎಲ್ಲರಿಗೂ ಕಾಣುತ್ತದೆ, ರಕ್ತದ ಸಕ್ಕರೆ ಯಾರಿಗೂ ಕಾಣುವುದಿಲ್ಲ. ಈ ಆಪರೇಷನ್ನುಗಳ ವಿಶೇಷವೇ ಅದು. ಕರುಳಿನ ಹಾರ್ಮೋನುಗಳು ಬದಲಾಗಿ, ಎಷ್ಟೋ ರೋಗಿಗಳಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಹತೋಟಿಗೆ ಬರತೊಡಗುತ್ತದೆ.

ಆದರೆ ಸಕ್ಕರೆ ಕಾಯಿಲೆ ಹೋಗಿಯೇಬಿಟ್ಟಿತು ಎನ್ನುವುದೂ ತಪ್ಪು. ಸ್ವೀಡನ್ನಿನಲ್ಲಿ ಇಂಥ ಆಪರೇಷನ್ ಆದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಎರಡು ವರ್ಷಕ್ಕೆ ನೂರಕ್ಕೆ 72 ಜನ ಅದರಿಂದ ಪಾರಾಗಿದ್ದರು. ಹತ್ತು ವರ್ಷಕ್ಕೆ ನೋಡಿದಾಗ ಹಾಗೆ ಉಳಿದವರು 36 ಜನ. ನಮ್ಮ ದೇಶದಲ್ಲಿ 10.1 ಕೋಟಿ ಸಕ್ಕರೆ ಕಾಯಿಲೆಯವರಿದ್ದಾರೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಇಷ್ಟು ಜನರಿರುವಲ್ಲಿ ಆಪರೇಷನ್ ಮಾಡಿಸಿಕೊಳ್ಳುವವರು ಹೆಚ್ಚುವುದು ಖಂಡಿತ. ಆದ್ದರಿಂದ ಆಪರೇಷನ್ ಆದ ಮೇಲೂ ತಪಾಸಣೆ ಜೀವನಪೂರ್ತಿ. ಬಿ12, ಕಬ್ಬಿಣ, ಸುಣ್ಣದ ಗುಳಿಗೆಗಳೂ ಹಾಗೆಯೇ. ವಾಂತಿ ನಿಲ್ಲದಿದ್ದರೆ, ಕೈಕಾಲು ಜೋಮು ಹಿಡಿದರೆ, ತಲೆಸುತ್ತು ಬಂದರೆ, ಇಳಿದ ತೂಕ ಮತ್ತೆ ಏರತೊಡಗಿದರೆ ಕಾಯಬೇಡಿ. ತೂಕ ಬರಿ ನಿಂತಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿದರಾಯಿತು. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದವರೆಗೆ ಇಳಿಯುತ್ತ, ನಿಲ್ಲುತ್ತ, ಮತ್ತೆ ಇಳಿಯುತ್ತ ಸಾಗುತ್ತದೆ. ಆಮೇಲೆ ಒಂದು ಕಡೆ ನೆಲೆ ನಿಲ್ಲುತ್ತದೆ.

ಅಂದ ಹಾಗೆ, 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡ ಸುದ್ದಿ ಹೇಳಿ ಇವರ ಮನೆಯವರನ್ನು ಹೆದರಿಸಿದವರೂ ಇದ್ದಾರೆ. ಚರ್ಮದಡಿಯ ಕೊಬ್ಬು ತೆಗೆಯುವುದು ಬೇರೆ, ಹೊಟ್ಟೆಯ ಆಪರೇಷನ್ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಇನ್ನೊಂದು ಮಾತು ಉಳಿದಿದೆ, ಅದು ಗಡಿಯಲ್ಲಿರುವ ನಮ್ಮದೇ ಗೋಳು. ಆಸ್ಪತ್ರೆಯಿಂದ ಕೊಟ್ಟ ಪಥ್ಯದ ಹಾಳೆ ಅರ್ಧ ಇಂಗ್ಲಿಷ್, ಅರ್ಧ ಮರಾಠಿ. ಮಾಸ್ತರರು ಎರಡನ್ನೂ ಓದಬಲ್ಲರು. ಆದರೆ ಅಡುಗೆ ಮಾಡುವವರು ಅವರ ಮನೆಯವರು, ಇಂಡಿ ಕಡೆಯಿಂದ ಬಂದವರು, ಓದಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ಕರಜಗಿಯ ಸುತ್ತಲಿನ ಮನೆಗಳಲ್ಲಿ ಹೀಗೇ, ಸೊಸೆಯಂದಿರು ಆಚೆಯವರು, ದವಾಖಾನೆಯ ಕಾಗದ ಈಚೆಯದು. ಆ ತಾಯಿ ಐದು ತಿಂಗಳು ಬರಿ ಗಂಡ ಹೇಳಿದ್ದನ್ನು ಕೇಳಿ ಅಡುಗೆ ಮಾಡಿದ್ದರು. ಯಾವ ಗುಳಿಗೆ ನಿಂತಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಹಳೆಯ ಡಬ್ಬಿ ಆ ಮಾಡದಲ್ಲಿ ಉಳಿಯುತ್ತಿರಲಿಲ್ಲ.

ಆಮೇಲೆ ನಾವು ನಾಲ್ಕು ಜನ ಮಾಸ್ತರರು ಒಂದು ರವಿವಾರ ಕುಳಿತು ಆ ಹಾಳೆಯನ್ನು ಕನ್ನಡಕ್ಕೆ ಇಳಿಸಿದೆವು. ಗ್ರಾಮಿನ ಪಕ್ಕದಲ್ಲಿ ವಾಟಗಾ, ಚಮಚೆ, ಅರ್ಧ ರೊಟ್ಟಿ ಎಂದು ಬರೆದೆವು. ನಿಂತ ಗುಳಿಗೆಗಳನ್ನು ಕೆಂಪು ಶಾಯಿಯಲ್ಲಿ, ನಡೆಯುತ್ತಿರುವುದನ್ನು ನೀಲಿಯಲ್ಲಿ. ನಡುಕ, ಬೆವರು ಬಂದರೆ ಏನು ಮಾಡಬೇಕೆಂದು ಕೆಳಗೆ ದಪ್ಪ ಅಕ್ಷರದಲ್ಲಿ. ಮುಂದಿನ ತಪಾಸಣೆಯಲ್ಲಿ ಡಾಕ್ಟರರಿಗೆ ಸಾಲುಸಾಲಾಗಿ ಓದಿ ಹೇಳಿ, ಎರಡು ಕಡೆ ತಿದ್ದಿಸಿಕೊಂಡು ಬಂದರು. ಈಗ ಅದು ಅವರ ಅಡುಗೆಮನೆಯ ಗೋಡೆಯ ಮೇಲಿದೆ. ನಿಮ್ಮ ಶಾಲೆಯ ಪಾಲಕರಲ್ಲಿ ಯಾರಿಗಾದರೂ ಬೇಕಿದ್ದರೆ ಅದರ ನಮೂನೆ ಕೊಡುತ್ತೇವೆ. ಔಷಧ ಮತ್ತು ಪ್ರಮಾಣದ ಜಾಗವನ್ನು ಖಾಲಿ ಬಿಟ್ಟಿದ್ದೇವೆ, ಅದನ್ನು ನಿಮ್ಮ ಡಾಕ್ಟರರ ಕೈಯಿಂದಲೇ ತುಂಬಿಸಿಕೊಳ್ಳಿ.