ಕೂದಲೆಳೆಯ ಅಂತರದ ಸೋಲು

ವಾರಾಂತ್ಯಗಳಲ್ಲಿ ಬೆಳಗಾವಿ, ಹುಬ್ಬಳ್ಳಿಗಳಿಂದ ಪಣಜಿಗೆ ತೆರಳಿ, ಮಾಂಡವಿ ನದಿಯ ಮೇಲೆ ನಿಂತ ಕ್ಯಾಸಿನೋ ಹಡಗುಗಳನ್ನೇರುವ ನಮ್ಮವರಲ್ಲಿ, ಸ್ಲಾಟ್ ಯಂತ್ರವನ್ನು ಆಡುವ ಬಗೆಯೆಂತೆಂದು ವಿಚಾರಿಸುವವರು ಅನೇಕರುಂಟು. ಹಣ ಹಾಕಿ, ಪಣದ ಮೊತ್ತವನ್ನು ಗೊತ್ತುಮಾಡಿ, ಗುಂಡಿಯನ್ನೊತ್ತಿದರೆ ಆಟಗಾರನ ಕಾರ್ಯ ಮುಗಿಯಿತು. ಇಸ್ಪೀಟಿನಲ್ಲಾದರೂ ಯಾವ ಎಲೆಯನ್ನು ಬಿಡಬೇಕೆಂಬ ವಿವೇಚನೆಗೆ ಎಡೆಯಿರುವುದು, ಇಲ್ಲಿ ಅದೂ ಇಲ್ಲ.

19ನೆಯ ಶತಮಾನದ ಅಂತ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ನಿರ್ಮಿಸಿದ ‘ಲಿಬರ್ಟಿ ಬೆಲ್’ ಯಂತ್ರದಲ್ಲಿ, ಕಣ್ಣೆದುರು ತಿರುಗುವ ಮೂರು ಚಕ್ರಗಳೇ ಫಲವನ್ನು ನಿರ್ಣಯಿಸುತ್ತಿದ್ದುವು. ಈ ಸರಳತೆಗೆ ತಿಲಾಂಜಲಿಯಿತ್ತುದು 1984ರಲ್ಲಿ ಇಂಗೆ ಟೆಲ್ನೇಸ್ ಎಂಬಾತನಿಗೆ ಅಮೆರಿಕದಲ್ಲಿ ದೊರೆತ ಪೇಟೆಂಟು. ಅದರನ್ವಯ, ಗುಂಡಿಯೊತ್ತಿದ ಕ್ಷಣದಲ್ಲಿಯೇ ಒಳಗಣ ಗಣಕವು ಯಾದೃಚ್ಛಿಕ ಸಂಖ್ಯೆಗಳನ್ನಾರಿಸಿ ಫಲವನ್ನು ನಿಶ್ಚಯಿಸಿಬಿಡುತ್ತದೆ. ಆಮೇಲೆ ಚಕ್ರಗಳು ತಿರುಗುವುದು ಕೇವಲ ಅಭಿನಯ. ಕಣ್ಣಿಗೆ ಕಾಣುವ ಚಕ್ರದಲ್ಲಿ 22 ನಿಲುಗಡೆಗಳಿದ್ದರೆ, ಗಣಕದೊಳಗಣ ಅಗೋಚರ ಚಕ್ರದಲ್ಲಿ 64 ಇರಬಹುದು. ಪ್ರತಿ ಚಕ್ರದಲ್ಲಿಯೂ ಮಹಾಬಹುಮಾನದ ಚಿತ್ರ ಒಂದೇ ಇದ್ದಲ್ಲಿ, ಮೂರೂ ಕೂಡಿಬರುವ ಸಾಧ್ಯತೆ 10,648ರಲ್ಲಿ ಒಂದೆಂದು ಕಣ್ಣು ಲೆಕ್ಕವಿಡುತ್ತಿರಲು, ವಾಸ್ತವದಲ್ಲಿ ಅದು 2,62,144ರಲ್ಲಿ ಒಂದು! ಮಿಕ್ಕ ನಿಲುಗಡೆಗಳಲ್ಲಿ ಹಲವನ್ನು ಬಹುಮಾನದ ಚಿತ್ರದ ಮೇಲಣ, ಕೆಳಗಣ ಖಾಲಿ ಜಾಗಗಳಿಗೆ ಹಂಚಿಬಿಟ್ಟರಂತೂ ಆ ಚಿತ್ರವು ಪದೇ ಪದೇ ಗೆಲುವಿನ ಗೆರೆಯ ಅಂಚಿಗೆ ಬಂದು ನಿಲ್ಲುವುದು. ‘ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು’ ಎಂದು ಆಟಗಾರ ಮತ್ತೆ ಗುಂಡಿಯೊತ್ತುವನು. ತಪ್ಪಿದುದಲ್ಲ, ತಪ್ಪಿಸಿ ತೋರಿಸಿದ್ದು.

ಶೇಕಡ 90ರಷ್ಟನ್ನು ಹಿಂದಿರುಗಿಸುವ ಯಂತ್ರವೆಂದರೆ ಉದಾರವೆನಿಸೀತು. ಆದರೆ ಆ ಪ್ರಮಾಣವು ದೀರ್ಘಕಾಲದ ಸರಾಸರಿಯಲ್ಲಿ, ಒಡ್ಡಿದ ಪ್ರತಿಯೊಂದು ಪಣಕ್ಕೂ ಅನ್ವಯಿಸತಕ್ಕದ್ದು: ಹತ್ತು ರೂಪಾಯಿಯ ಪಣವನ್ನು ಗಂಟೆಗೆ 600 ಬಾರಿ ಒಡ್ಡುವವನು, ಗೆದ್ದುದನ್ನೇ ಮರಳಿ ಸುರಿಯುತ್ತ, 6,000 ರೂಪಾಯಿ ಆಡಿ ಸರಾಸರಿ 600ನ್ನು ಕಳೆದುಕೊಳ್ಳುವನು. ಬಹಳ ಹೊತ್ತು ಕೊಡದ ಯಂತ್ರ ಇನ್ನು ಕೊಟ್ಟೇ ಕೊಡುವುದೆಂಬ ನಂಬಿಕೆಯೂ ಬರಿಯ ಭ್ರಾಂತಿ. ಹಿಂದಿನ ಸುತ್ತಿನ ಋಣವನ್ನು ಮುಂದಿನ ಸುತ್ತು ಹೊರುವುದಿಲ್ಲ.

ಗೋವೆಯ ಶಾಸನವು 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಈ ಯಂತ್ರಗಳಿಗೆ ಅನುಮತಿಯಿತ್ತಿತು. ಅವುಗಳನ್ನು ನಿಷೇಧಿಸಿರೆಂದು ನಾನು ವಾದಿಸಲಾರೆ. ನಿಷೇಧಿಸಿದ ಜೂಜು ಹಿತ್ತಲ ಬಾಗಿಲಿನಿಂದ ಬರುವುದನ್ನು ನಾವು ಮಟ್ಕಾದಲ್ಲಿ ಕಂಡಿದ್ದೇವೆ. ಆದರೆ ಹಿಂದಿರುಗುವ ಪ್ರಮಾಣವನ್ನೂ, ಗಂಟೆಯೊಂದರ ಸರಾಸರಿ ನಷ್ಟವನ್ನೂ, ಮಹಾಬಹುಮಾನದ ನಿಜವಾದ ಸಾಧ್ಯತೆಯನ್ನೂ ಪ್ರತಿ ಯಂತ್ರದ ಮುಖದ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸಬೇಕೆಂದು ಸರ್ಕಾರ ಆಜ್ಞಾಪಿಸಲಿ. ಕೊಂಕಣಿ, ಮರಾಠಿಗಳ ಜೊತೆಗೆ, ಗಿರಾಕಿಗಳ ಊರುಗಳನ್ನು ನೆನೆದು, ಕನ್ನಡದಲ್ಲಿಯೂ.